ಅರವತ್ತೈದು ದಾಟಿದವರು

ಆಸ್ಪತ್ರೆಯ ರಕ್ತವೆಲ್ಲ ಕೊನೆಗೆ ನಮ್ಮ ಕೈಗೇ ಬರುತ್ತದೆ. ಡಾಕ್ಟರು ಕೈ ತೊಳೆದುಕೊಂಡು ಮನೆಗೆ ಹೋಗುತ್ತಾರೆ. ನರ್ಸುಗಳು ಗ್ಲೌಸು ಬಿಚ್ಚಿ ಬಿಸಾಡುತ್ತಾರೆ. ಶೀಟುಗಳನ್ನು ಮಾತ್ರ ಯಾರೂ ಬಿಸಾಡುವುದಿಲ್ಲ. ಅವು ಗಂಟುಗಂಟಾಗಿ ನೆಲಮಾಳಿಗೆಯ ಲಾಂಡ್ರಿಗೆ ಬಂದು ಬೀಳುತ್ತವೆ. ಅಲ್ಲಿ ನಾವು ಹನ್ನೊಂದು ಹೆಂಗಸರು. ರಕ್ತದ ಶೀಟನ್ನು ಮಷೀನಿಗೆ ಹಾಕುವ ಮೊದಲು ಬೇರೆ ತೆಗೆದು ತಣ್ಣೀರಿನಲ್ಲಿ ಕೈಯಿಂದ ಉಜ್ಜಬೇಕು. ಬಿಸಿನೀರು ತಾಗಿದರೆ ಕಲೆ ಕೂತುಬಿಡುತ್ತದೆ. ಇಪ್ಪತ್ತು ವರ್ಷದಿಂದ ಉಜ್ಜುತ್ತಿದ್ದೇನೆ. ಯಾವ ಕಲೆ ಹೆರಿಗೆಯದು, ಯಾವುದು ಆಪರೇಷನ್ನಿನದು ಎಂದು ದೂರದಿಂದಲೇ ಹೇಳುತ್ತೇನೆ.

ನನಗೆ ಈ ಕೆಲಸ ಕಲಿಸಿದವಳು ನನ್ನ ದೊಡ್ಡಮ್ಮ. ನನ್ನಮ್ಮ ಸತ್ತ ಮೇಲೆ ನನ್ನನ್ನು ಸಾಕಿ ಹತ್ತನೇ ಕ್ಲಾಸಿನವರೆಗೆ ಓದಿಸಿದವಳೂ ಅವಳೇ. ಬ್ಲೀಚು, ಸೋಡಾ ತಾಗಿ ತಾಗಿ ಅವಳ ಉಗುರುಗಳು ಅರ್ಧಕ್ಕೆ ನಿಂತಿವೆ. ಕೈ ನಡುಗಲು ಶುರುವಾದಾಗ ಗುತ್ತಿಗೆಯವನು ಅವಳನ್ನು ಕೆಲಸದಿಂದ ತೆಗೆದ. ಆದರೂ ದಿನಾ ನನ್ನ ಜೊತೆ ಬಂದು ಒಂದು ಮೂಲೆಯಲ್ಲಿ ಕೂತು ದಿಂಬಿನ ಕವರು ಮಡಚುತ್ತಿದ್ದಳು. ಮನೆಯಲ್ಲಿ ಸುಮ್ಮನೆ ಕೂತರೆ ಮೈ ಜೋಮು ಹಿಡಿಯುತ್ತದೆ ಎನ್ನುತ್ತಿದ್ದಳು.

ಎರಡು ವರ್ಷದ ಹಿಂದೆ ಮೇಡಂ ನಮ್ಮ ಲಾಂಡ್ರಿಗೆ ಇಳಿದು ಬಂದರು. ಆಸ್ಪತ್ರೆಯ ಮೂರನೇ ಮಹಡಿಯಲ್ಲಿ ಸಂಶೋಧನೆ ಮಾಡುವ ಡಾಕ್ಟರು ಅವರು. ಅಲ್ಲಿಯವರೆಗೆ ಒಬ್ಬ ಡಾಕ್ಟರೂ ಆ ಮೆಟ್ಟಿಲು ಇಳಿದವರಲ್ಲ. ಮೇಡಂ ನೀರು ತುಂಬಿದ ನೆಲದ ಮೇಲೆ ಒಳ್ಳೆಯ ಚಪ್ಪಲಿಯಲ್ಲೇ ನಿಂತರು, ಮೂಗು ಮುಚ್ಚಿಕೊಳ್ಳಲಿಲ್ಲ. ಅಷ್ಟಕ್ಕೇ ನಾವು ಕರಗಿಹೋದೆವು.

"ಗರ್ಭಕೋಶದ ಬಾಯಿಗೆ ಬರೋ ಕ್ಯಾನ್ಸರ್ ಇದೆಯಲ್ಲ, ಅದು ಸದ್ದಿಲ್ಲದೆ ಬರುತ್ತೆ. ಬಲಿಯೋಕೆ ಹತ್ತು ಹದಿನೈದು ವರ್ಷ ತಗೊಳ್ಳುತ್ತೆ. ಅಷ್ಟರೊಳಗೆ ನಾವು ಹಿಡೀಬಹುದು. ಹತ್ತಿ ಸುತ್ತಿದ ಒಂದು ಸಣ್ಣ ಕಡ್ಡಿ ಸಾಕು. ನೀವೇ ಬಚ್ಚಲಲ್ಲಿ ಒಳಗೆ ಸವರಿ ತಂದು ಕೊಡಬಹುದು. ಯಾರೂ ನಿಮ್ಮನ್ನ ಮುಟ್ಟಲ್ಲ, ಯಾರೂ ನೋಡಲ್ಲ" ಎಂದರು.

ಅವರ ಅಧ್ಯಯನಕ್ಕೆ ಮುನ್ನೂರು ಹೆಂಗಸರು ಬೇಕಾಗಿತ್ತು. ಮೂವತ್ತರಿಂದ ಅರವತ್ತೈದರ ಒಳಗಿನವರು. ಓದು ಬರಹ ಬಲ್ಲವಳು ಎಂದು ನನ್ನನ್ನು ಆರಿಸಿದರು. ಕುತ್ತಿಗೆಗೆ ಒಂದು ಬ್ಯಾಡ್ಜು ಹಾಕಿದರು. ಅವರ ರೂಮಿನಲ್ಲಿ ಕುರ್ಚಿ ತೋರಿಸಿ ಕೂತ್ಕೋ ಎಂದರು. ಆ ಆಸ್ಪತ್ರೆಯಲ್ಲಿ ಕುರ್ಚಿಯ ಮೇಲೆ ನಾನು ಕೂತದ್ದು ಅದೇ ಮೊದಲು. ಬೆನ್ನು ಒರಗಿಸಲು ಹೆದರಿಕೆಯಾಗಿ ಅಂಚಿನಲ್ಲಿ ಕೂತಿದ್ದೆ. ಕೆಳಗೆ ಬಂದರೆ ಎಲ್ಲರೂ "ಬಂದ್ಲು ನೋಡ್ರೇ ನಮ್ಮ ಡಾಕ್ಟ್ರಮ್ಮ" ಎಂದು ಕಾಡಿಸಿದರು. ಕಾಡಿಸಿದರೂ ಅವರಿಗೆ ಹೆಮ್ಮೆಯಿತ್ತು, ನನಗಂತೂ ನೆಲದ ಮೇಲೆ ಕಾಲು ನಿಲ್ಲುತ್ತಿರಲಿಲ್ಲ.

ಕೆಲಸ ಮುಗಿಸಿ ಮನೆಮನೆ ತಿರುಗಿದೆ. ಇನ್ನೂರ ಎಂಬತ್ತಾರು ಜನ ಆದ ಮೇಲೆ ಅವರು ಹೇಳಿದ ವಯಸ್ಸಿನ ಹೆಂಗಸರು ಸಿಗಲಿಲ್ಲ. ಒಬ್ಬಳಿಗೆ ಗಂಡನ ಹೆದರಿಕೆ, ಒಬ್ಬಳಿಗೆ ನಾಚಿಕೆ, ಒಬ್ಬಳಿಗೆ ಪುರುಸೊತ್ತಿಲ್ಲ. ಕೊನೆಗೆ ನನ್ನ ಮಾತಿಗೆ ಬೆಲೆ ಕೊಟ್ಟು ಬಂದವರು ಮುದುಕಿಯರು. ಬಂದವರು ಸುಮ್ಮನೆ ಬರಲಿಲ್ಲ. ನಮ್ಮ ಲಾಂಡ್ರಿಯಲ್ಲಿ ಇಸ್ತ್ರಿ ಹಾಕುವವಳನ್ನು ಎಲ್ಲರೂ ಇಸ್ತ್ರಿಯಕ್ಕ ಎನ್ನುತ್ತೇವೆ. ಅವಳು ಕಡ್ಡಿಯನ್ನು ಬೆಳಕಿಗೆ ಹಿಡಿದು ನೋಡಿ, "ಅಲ್ಲ ಕಣೇ, ಅಂಗಡಿ ಮುಚ್ಚಿ ಇಪ್ಪತ್ತು ವರ್ಷ ಆಯ್ತು. ಈಗ ಬಂದು ಬೀಗ ಸರಿ ಇದ್ಯಾ ಅಂತ ನೋಡ್ತಾರಾ?" ಎಂದಳು. ಕೋಲೂರಿಕೊಂಡು ನಡೆಯುವ ಕೋಲಿನಜ್ಜಿ, ನಮ್ಮ ಮಷೀನು ನಡೆಸುವವಳ ಅತ್ತೆ, ನಕ್ಕು ನಕ್ಕು ಕೆಮ್ಮಿದಳು.

ಫಾರಂ ತುಂಬುವಾಗ ನನ್ನ ಪೆನ್ನು ನಿಂತಿತು. ದೊಡ್ಡಮ್ಮನಿಗೆ ಎಪ್ಪತ್ತು. ಇಸ್ತ್ರಿಯಕ್ಕ ಅವಳಿಗಿಂತ ಮೂರು ವರ್ಷ ಚಿಕ್ಕವಳು. ಕೋಲಿನಜ್ಜಿಗೆ ಎಪ್ಪತ್ತೈದೋ ಎಂಬತ್ತೋ ದೇವರಿಗೇ ಗೊತ್ತು. ಮೇಡಂ ಹತ್ತಿರ ಹೋಗಿ ಕೇಳಿದೆ. ತಿಂಗಳ ಕೊನೆಗೆ ಮುನ್ನೂರು ತುಂಬಲೇಬೇಕಿತ್ತು, ಇನ್ನೂ ಹದಿನಾಲ್ಕು ಬಾಕಿ ಇತ್ತು.

ಮೇಡಂ ನಕ್ಕರು. "ಅವರಿಗೇ ಅವರ ವಯಸ್ಸು ಸರಿಯಾಗಿ ಗೊತ್ತಿಲ್ಲ ಅಲ್ವಾ? ನೀನೇ ಅಂದಾಜಿನಲ್ಲಿ ಹಾಕು. ಅರವತ್ನಾಲ್ಕು ಒಳ್ಳೇ ವಯಸ್ಸು."

ಹದಿನಾಲ್ಕು ಫಾರಮ್ಮಿಗೂ ಅರವತ್ನಾಲ್ಕು ಎಂದು ಬರೆದೆ. ಹದಿನಾಲ್ಕು ಮುದುಕಿಯರು ಒಂದೇ ತೊಟ್ಟಿಲಲ್ಲಿ ಹುಟ್ಟಿದ ಹಾಗಾಯಿತು. ಕೆಳಗೆ ನನ್ನ ಸಹಿ ಹಾಕಿದೆ. ಮುದುಕಿಯರು ಹೆಬ್ಬೆಟ್ಟು ಒತ್ತಿದರು. ಒಬ್ಬಳೂ ಅದರಲ್ಲಿ ಏನು ಬರೆದಿದೆ ಎಂದು ಕೇಳಲಿಲ್ಲ. ಬರೆದವಳು ನಾನಲ್ಲವೇ, ಅವರೇಕೆ ಕೇಳುತ್ತಾರೆ?

ದೊಡ್ಡಮ್ಮ ಒಂದೇ ಒಂದು ಮಾತು ಕೇಳಿದಳು. "ಏನಾದ್ರೂ ಇದ್ರೆ ಹೇಳ್ತಾರಾ ಮಗಾ?"

"ಮನೆಗೇ ಬಂದು ಹೇಳ್ತಾರೆ ದೊಡ್ಡಮ್ಮ. ಯಾರೂ ಬರ್ಲಿಲ್ಲ ಅಂದ್ರೆ ಏನೂ ಇಲ್ಲ ಅಂತ ಅರ್ಥ."

ಇದು ನನ್ನ ಮಾತಲ್ಲ. ಮೇಡಂ ನನಗೆ ಬಾಯಿಪಾಠ ಮಾಡಿಸಿದ್ದು. ಮುನ್ನೂರು ಹೆಂಗಸರಿಗೂ ಇದನ್ನೇ ಹೇಳಿದೆ. ಆಮೇಲೆ ಎಲ್ಲರ ಗುರುತಿನ ಚೀಟಿಯ ನಕಲು ಬೇಕೆಂದರು. ಅದನ್ನೂ ಒಟ್ಟು ಮಾಡಿ ಮೂರನೇ ಮಹಡಿಗೆ ಹೊತ್ತುಕೊಂಡು ಹೋಗಿ ಕೊಟ್ಟೆ. ಕೆಲವರ ಮನೆಗೆ ನರ್ಸು ಬಂದಳು, ಪರೀಕ್ಷೆಗೆ ಕರೆದುಕೊಂಡು ಹೋದಳು. ಎದುರುಮನೆಯ ಸೊಸೆಗೆ ಇದ್ದದ್ದು ಆರಂಭದಲ್ಲೇ ಸಿಕ್ಕಿತು ಎಂದು ಸುಟ್ಟು ತೆಗೆದರು, ಅವಳು ಎರಡನೇ ದಿನ ಎದ್ದು ಓಡಾಡಿದಳು. ನಮ್ಮ ಮನೆಗೆ ಯಾರೂ ಬರಲಿಲ್ಲ. ದೇವರು ದೊಡ್ಡವನು ಎಂದುಕೊಂಡೆ. ಬ್ಯಾಡ್ಜನ್ನು ಟ್ರಂಕಿನಲ್ಲಿ ಜೋಪಾನವಾಗಿ ಇಟ್ಟೆ.

ಮರುವರ್ಷ ಕೋಲಿನಜ್ಜಿ ಸತ್ತಳು. ಊಟ ಬಿಟ್ಟಳು, ಸೊರಗಿದಳು, ಹೋದಳು. ವಯಸ್ಸಾಗಿತ್ತಲ್ಲ ಎಂದರು. ನಾನೂ ಅದನ್ನೇ ಅಂದೆ.

ಈ ವರ್ಷ ಒಂದು ಸೋಮವಾರ ಬೆಳಿಗ್ಗೆ ರಕ್ತದ ಶೀಟು ಉಜ್ಜುತ್ತಿದ್ದೆ. ಹೆಣ್ಣುಮಕ್ಕಳ ವಾರ್ಡಿನ ಗಂಟಿನಲ್ಲಿ ಒಂದು ಬಟ್ಟೆಯ ತುಂಡು ಸಿಕ್ಕಿತು. ಆಸ್ಪತ್ರೆಯ ಬಟ್ಟೆಗೆಲ್ಲ ನೀಲಿ ಅಂಚು ಇರುತ್ತದೆ. ಇದಕ್ಕೆ ಅಂಚಿಲ್ಲ. ಹಳದಿ ಹೂವಿನ ಬಟ್ಟೆ. ಅದು ನಮ್ಮ ಮನೆಯ ಹಳೆಯ ಪರದೆ. ನಾನೇ ಹರಿದು ಒರೆಸುವ ಬಟ್ಟೆ ಮಾಡಿಟ್ಟಿದ್ದೆ. ಕೈ ಹಾಕಿ ಹುಡುಕಿದರೆ ಇನ್ನೂ ನಾಲ್ಕು. ಕಲೆ ಹೆರಿಗೆಯದಲ್ಲ, ಆಪರೇಷನ್ನಿನದಲ್ಲ. ನೀರು ನೀರಾಗಿ, ಕೊಳೆತ ವಾಸನೆ. ಆ ವಾಸನೆ ಯಾವ ವಾರ್ಡಿನ ಶೀಟಿಗೆ ಇರುತ್ತದೆಂದು ನನ್ನ ಮೂಗಿಗೆ ಗೊತ್ತು.

ಮೂಲೆಯಲ್ಲಿ ದೊಡ್ಡಮ್ಮ ದಿಂಬಿನ ಕವರು ಮಡಚುತ್ತಿದ್ದಳು. ನನ್ನ ಕೈಯಲ್ಲಿದ್ದುದನ್ನು ನೋಡಿ ತಲೆ ತಗ್ಗಿಸಿದಳು.

"ಎಷ್ಟು ದಿನದಿಂದ?"

"ಆರು ತಿಂಗಳಾಯ್ತೇನೋ. ಇಷ್ಟು ರಕ್ತದಾಗೆ ನಂದ್ಯಾವ್ದು ಅಂತ ಯಾರು ನೋಡ್ತಾರೆ ಅಂತ ಇಲ್ಲೇ ಹಾಕ್ತಿದ್ದೆ."

"ನಂಗ್ಯಾಕೆ ಹೇಳ್ಲಿಲ್ಲ?"

"ಏನಂತ ಹೇಳ್ಲಿ? ಅದು ಇಲ್ಲ ಅಂತ ನೀನೇ ಹೇಳಿದ್ಯಲ್ಲ. ಕಡ್ಡಿ ಕೊಟ್ಟಿದ್ವಲ್ಲ. ಯಾರೂ ಬರ್ಲಿಲ್ಲ. ಇದು ಮೈ ಉಷ್ಣಕ್ಕೆ ಆಗಿರ್ಬೇಕು ಅಂದ್ಕೊಂಡೆ."

ಕ್ಯಾನ್ಸರ್ ವಿಭಾಗದ ಡಾಕ್ಟರು ನೋಡಿದರು. ಹೊರಗೆ ಬಂದು ಎಲ್ಲರ ಎದುರಿಗೇ ನನ್ನನ್ನು ಬೈದರು. "ಮುದುಕರು ಅಂದ್ರೆ ಅಷ್ಟು ಅಸಡ್ಡೇನಾ ನಿಮಗೆ? ಪಕ್ಕಕ್ಕೆಲ್ಲ ಹರಡಿದೆ. ಒಂದೆರಡು ವರ್ಷ ಮುಂಚೆ ಬಂದಿದ್ರೆ ಕೈಲಾಗ್ತಿತ್ತು. ಈಗ ನೋವಿಗೆ ಔಷಧಿ ಕೊಡಬಹುದು, ಅಷ್ಟೆ."

"ಎರಡು ವರ್ಷದ ಹಿಂದೇನೇ ಪರೀಕ್ಷೆ ಮಾಡಿಸಿದ್ವಿ ಡಾಕ್ಟ್ರೇ. ಇದೇ ಆಸ್ಪತ್ರೇಲಿ."

"ರಿಪೋರ್ಟ್ ಎಲ್ಲಿ?"

ದೊಡ್ಡಮ್ಮನನ್ನು ವಾರ್ಡಿಗೆ ಸೇರಿಸಿ ಮೂರನೇ ಮಹಡಿ ಹತ್ತಿದೆ.

ಮೇಡಂ ಇರಲಿಲ್ಲ. ಫೈಲು ನೋಡಿಕೊಳ್ಳುವ ಹೆಂಗಸು ಇದ್ದಳು. ಪಟ್ಟಿಯಲ್ಲಿ ಯಾರ ಹೆಸರೂ ಇರುವುದಿಲ್ಲ, ಬರೀ ನಂಬರು. ಒಂದೊಂದು ಕಡ್ಡಿಯ ಕೊಳವೆಗೂ ನಂಬರಿನ ಚೀಟಿ ಅಂಟಿಸಿದವಳು ನಾನು. ದೊಡ್ಡಮ್ಮನದು ಇನ್ನೂರ ಎಂಬತ್ತೆಂಟು. ಫೈಲಿನ ಹೆಂಗಸು ಕಂಪ್ಯೂಟರಿನಲ್ಲಿ ಹುಡುಕಿ, "ಈ ನಂಬರ್ ಇಲ್ವಲ್ಲಾ" ಎಂದಳು. ಸರಿಯಾಗಿ ನೋಡಿ ಎಂದೆ. ಇನ್ನೊಂದು ಪಟ್ಟಿ ತೆಗೆದಳು. ಅದರ ತಲೆಯ ಮೇಲೆ 'ಕೈಬಿಟ್ಟವರು' ಎಂದಿತ್ತು. ಹದಿನಾಲ್ಕು ನಂಬರು. ಹದಿನಾಲ್ಕರ ಮುಂದೆಯೂ ಒಂದೇ ಕಾರಣ: ಗುರುತಿನ ಚೀಟಿಯ ಪ್ರಕಾರ ವಯಸ್ಸು ಅರವತ್ತೈದು ದಾಟಿದೆ. ಕೊನೆಯ ಕಾಲಮ್ಮಿನಲ್ಲಿ ಫಲಿತಾಂಶ. ಹನ್ನೊಂದು ಕಡೆ ಏನೂ ಇಲ್ಲ ಎಂದಿತ್ತು. ಮೂರು ಕಡೆ ಪಾಸಿಟಿವ್, ಮುಂದಿನ ಪರೀಕ್ಷೆ ಬೇಕು ಎಂದಿತ್ತು.

ಇನ್ನೂರ ಎಂಬತ್ತೆಂಟು, ದೊಡ್ಡಮ್ಮ. ಇನ್ನೂರ ತೊಂಬತ್ತೊಂದು, ಕೋಲಿನಜ್ಜಿ. ಇನ್ನೂರ ತೊಂಬತ್ತೇಳು, ಇಸ್ತ್ರಿಯಕ್ಕ.

ತಾರೀಖು ಎರಡು ವರ್ಷ ಹಿಂದಿನದು. ಒಬ್ಬಳು ಸತ್ತಿದ್ದಾಳೆ. ಒಬ್ಬಳು ಕೆಳಗೆ ವಾರ್ಡಿನಲ್ಲಿ ಮಲಗಿದ್ದಾಳೆ. ಮೂರನೆಯವಳು ಅದೇ ಹೊತ್ತಿಗೆ ನೆಲಮಾಳಿಗೆಯಲ್ಲಿ ನಗುನಗುತ್ತಾ ಇಸ್ತ್ರಿ ಹಾಕುತ್ತಿದ್ದಳು. ಅವಳಿಗೆ ಇನ್ನೂ ಟೈಮಿದೆಯೋ ಏನೋ. ಇದ್ದರೂ ಅದು ದಿನದಿನಕ್ಕೆ ಹೋಗುತ್ತಿದೆ.

ಮಧ್ಯಾಹ್ನ ಮೇಡಂ ಬಂದರು. "ಕೂತ್ಕೋ" ಎಂದರು. ಕೂರಲಿಲ್ಲ.

"ಮೇಡಂ, ನಿಮಗೆ ಗೊತ್ತಿತ್ತಾ?"

ಅವರು ಸುಳ್ಳು ಹೇಳಲಿಲ್ಲ. ಹೇಳಿದ್ದರೆ ನನಗೆ ಇಷ್ಟು ಹೊಟ್ಟೆ ಉರಿಯುತ್ತಿರಲಿಲ್ಲವೇನೋ. "ನೋಡು, ಅಧ್ಯಯನಕ್ಕೆ ನಿಯಮ ಅಂತ ಇರುತ್ತೆ. ಅರವತ್ತೈದು ದಾಟಿದವರು ನಮ್ಮ ಅಧ್ಯಯನದವರಲ್ಲ. ನಮ್ಮವರಲ್ಲದವರಿಗೆ ಫಲಿತಾಂಶ ಕೊಡೋಕೆ ನಮಗೆ ಅನುಮತಿ ಇಲ್ಲ. ಕೊಟ್ಟಿದ್ರೆ ಅವರನ್ನ ಯಾಕೆ ಸೇರಿಸಿದ್ರಿ ಅಂತ ಪ್ರಶ್ನೆ ಬರ್ತಿತ್ತು. ಇಡೀ ಕೆಲಸವೇ ನಿಂತುಹೋಗ್ತಿತ್ತು. ಆ ಕೆಲಸದಿಂದ ಎಷ್ಟು ಹೆಂಗಸರು ಉಳಿದ್ರು ಗೊತ್ತಾ ನಿನಗೆ?"

"ಅರವತ್ನಾಲ್ಕು ಅಂತ ಹಾಕು ಅಂದಿದ್ದು ನೀವಲ್ವಾ?"

ಮೇಡಂ ಕನ್ನಡಕ ತೆಗೆದು ಒರೆಸಿದರು. "ನಾನು ಅಂದಾಜು ಹಾಕು ಅಂದೆ. ಫಾರಂ ಮೇಲೆ ಸಹಿ ಯಾರದು? ವಿಚಾರಣೆ ಅಂತ ಆದ್ರೆ ಮೊದಲು ಕರೆಯೋದು ನಿನ್ನನ್ನೇ. ನಿನ್ನ ಒಳ್ಳೇದಕ್ಕೇ ಹೇಳ್ತಿದ್ದೀನಿ, ಇದನ್ನ ದೊಡ್ಡದು ಮಾಡಬೇಡ."

ಇವರಿಗಾಗಿ ನಾನು ಮುನ್ನೂರು ಹೊಸ್ತಿಲು ತುಳಿದಿದ್ದೆ. ಇವರು ನಮ್ಮಂಥವರಲ್ಲ, ದೇವರಂಥವರು ಎಂದು ಊರೆಲ್ಲ ಹೇಳಿಕೊಂಡು ಬಂದಿದ್ದೆ. ಸಹಿ ಹಾಕಿಸಿದ ದಿನವೇ ನನ್ನ ಕತ್ತಿಗೆ ಹಗ್ಗ ಹಾಕಿಟ್ಟಿದ್ದರು. ನಾನು ಅದನ್ನು ಬ್ಯಾಡ್ಜು ಎಂದುಕೊಂಡಿದ್ದೆ.

"ಇಸ್ತ್ರಿಯಕ್ಕನಿಗಾದ್ರೂ ಹೇಳಿ ಮೇಡಂ. ಅವಳು ಇನ್ನೂ ಚೆನ್ನಾಗಿದ್ದಾಳೆ."

"ನೀನು ಹೇಳೋ ಹಾಗಿಲ್ಲ. ಅದು ಗುಟ್ಟಿನ ಮಾಹಿತಿ. ನಾನು ಏನಾದ್ರೂ ದಾರಿ ನೋಡ್ತೀನಿ, ಸ್ವಲ್ಪ ದಿನ ಕೊಡು." ಆಮೇಲೆ ಮೇಜಿನ ಮೇಲಿದ್ದ ಹೊಸ ಫಾರಂಗಳ ಕಟ್ಟನ್ನು ನನ್ನ ಕಡೆ ತಳ್ಳಿದರು. ಮುಖದಲ್ಲಿ ಮತ್ತೆ ಹಳೆಯ ನಗು ಬಂತು. "ಹೊಸ ಅಧ್ಯಯನ ಶುರು ಮಾಡ್ತಿದ್ದೀವಿ. ಹಿರಿಯ ರೋಗಿಗಳ ನೆಮ್ಮದಿ ಬಗ್ಗೆ. ನಿನ್ನ ದೊಡ್ಡಮ್ಮನಿಗೆ ನಿಜವಾಗ್ಲೂ ಎಷ್ಟು? ಎಪ್ಪತ್ತೆರಡಾ? ಇದಕ್ಕೆ ಸರಿಯಾಗ್ತಾರೆ."

ಎರಡು ವರ್ಷದ ಹಿಂದೆ ಬೇಡವಾಗಿದ್ದ ವಯಸ್ಸು ಈಗ ಬೇಕಾಯಿತು. ನಾಚಿಕೆಯ ಮಾತೆಂದರೆ, ನಾನು ಆ ಕಟ್ಟನ್ನು ತೆಗೆದುಕೊಂಡೆ. ಕೈಗೆ ಕೊಟ್ಟಿದ್ದನ್ನು ಬೇಡ ಎನ್ನುವ ಅಭ್ಯಾಸ ನನ್ನ ಕೈಗೆ ಇರಲಿಲ್ಲ.

ಮೂರು ದಿನ ಬಾಯಿ ಬಿಡಲಿಲ್ಲ. ಇಸ್ತ್ರಿಯಕ್ಕ ನನ್ನನ್ನು ನೋಡಿದಾಗೆಲ್ಲ "ದೊಡ್ಡಮ್ಮ ಹೇಗಿದ್ದಾಳೆ?" ಎನ್ನುತ್ತಿದ್ದಳು. ನಾನು ಮುಖ ತಿರುಗಿಸಿ ಶೀಟು ಉಜ್ಜುತ್ತಿದ್ದೆ. ಕೆಲಸ ಹೋದರೆ, ಪೊಲೀಸರು ಬಂದರೆ ಎಂದು ಹೆದರಿದೆ. ಮೇಡಂ ಏನಾದರೂ ಮಾಡುತ್ತಾರೆ ಎಂದೂ ಅಂದುಕೊಂಡೆ. ಅಷ್ಟಾದ ಮೇಲೂ ಅವರನ್ನು ನಂಬಿದೆನಲ್ಲ, ಅದಕ್ಕೆ ನನ್ನ ಮೇಲೇ ನನಗೆ ಸಿಟ್ಟು.

ನಾಲ್ಕನೇ ದಿನ ಮೇಡಂ ತಾವೇ ದೊಡ್ಡಮ್ಮನ ಮಂಚದ ಹತ್ತಿರ ಬಂದರು. ಒಂದು ಹಾಳೆಯಲ್ಲಿ ಐದು ಮುಖ ಬರೆದಿತ್ತು. ಅಳುವ ಮುಖದಿಂದ ನಗುವ ಮುಖದವರೆಗೆ. ನಾನು ಪಕ್ಕದಲ್ಲಿ ಪೆನ್ನು ಹಿಡಿದು ನಿಂತಿದ್ದೆ.

"ಅಜ್ಜಿ, ಕಳೆದ ಹದಿನೈದು ದಿನದಲ್ಲಿ ನಿಮ್ಮ ಮನಸ್ಸು ಹೇಗಿತ್ತು? ಯಾವ ಮುಖ ಅನ್ಸುತ್ತೆ, ತೋರಿಸಿ."

ದೊಡ್ಡಮ್ಮ ಹಾಳೆಯನ್ನು ನೋಡಿದಳು. "ಹಲ್ಲಿಲ್ಲದ ಮುಖ ಒಂದೂ ಇಲ್ವಲ್ಲಮ್ಮಾ ಇದ್ರಲ್ಲಿ" ಎಂದಳು. ಪಕ್ಕದ ಮಂಚದವಳು ನಕ್ಕಳು, ಮೇಡಂ ಕೂಡ ನಕ್ಕರು.

"ನಿಮಗೆ ಇಲ್ಲಿ ಸಿಗ್ತಿರೋ ಆರೈಕೆ ಸಾಕು ಅನ್ಸುತ್ತಾ? ನಿಮ್ಮ ಕಾಯಿಲೆ ಬಗ್ಗೆ ನಿಮಗೆ ಬೇಕಾದ ಮಾಹಿತಿ ಎಲ್ಲಾ ಸಿಕ್ಕಿದೆಯಾ?"

ಪೆನ್ನನ್ನು ಮಂಚದ ಮೇಲೆ ಇಟ್ಟೆ. "ಸಿಕ್ಕಿಲ್ಲ ದೊಡ್ಡಮ್ಮ" ಎಂದೆ. "ಎರಡು ವರ್ಷದ ಹಿಂದೇನೇ ಗೊತ್ತಾಗಿತ್ತು ಇವರಿಗೆ. ನಿನಗೆ ವಯಸ್ಸು ಜಾಸ್ತಿ ಅಂತ ಪಟ್ಟಿಯಿಂದ ತೆಗೆದ್ರು, ಹೇಳ್ಲಿಲ್ಲ. ಅರವತ್ನಾಲ್ಕು ಅಂತ ಸುಳ್ಳು ಬರೆದಿದ್ದು ನಾನು. ಕೋಲಿನಜ್ಜಿಗೂ ಇತ್ತು. ಇಸ್ತ್ರಿಯಕ್ಕನಿಗೂ ಇದೆ."

ಮೇಡಂ "ಇದನ್ನೆಲ್ಲ ಮಾತಾಡೋ ಜಾಗ ಇದಲ್ಲ" ಎಂದು ಏಳಹೋದರು. ದೊಡ್ಡಮ್ಮ ಅವರ ಕೋಟಿನ ತುದಿ ಹಿಡಿದಳು.

"ಹೌದೇನಮ್ಮಾ?"

ಮೇಡಂ ಮುಖಗಳಿದ್ದ ಹಾಳೆಯನ್ನು ಮಡಚಿದರು. ದೊಡ್ಡಮ್ಮ ಕೋಟು ಬಿಟ್ಟಳು. ತನ್ನ ಕೈಗಳನ್ನು ನೋಡಿಕೊಂಡಳು. ಅಷ್ಟರಲ್ಲಿ ಮೇಡಂ, ಏನೋ ಒಂದು ಮಾಡಬೇಕು ಎಂಬಂತೆ, ಇಂಕಿನ ಪ್ಯಾಡನ್ನು ಮುಂದೆ ಹಿಡಿದು, "ಒಂದು ಹೆಬ್ಬೆಟ್ಟು ಒತ್ತಿಬಿಡಿ ಅಜ್ಜಿ, ಇದರಿಂದ ನಿಮಗೆ ಒಳ್ಳೇ ಆರೈಕೆ ಸಿಗುತ್ತೆ" ಎಂದರು. ದೊಡ್ಡಮ್ಮ ಹೆಬ್ಬೆರಳನ್ನು ಒಳಗೆ ಮಡಚಿ ಮುಷ್ಟಿ ಕಟ್ಟಿದಳು. ಮೇಡಂ ಮೆಲ್ಲಗೆ ಆ ಕೈ ಹಿಡಿದರು. ಮುಷ್ಟಿ ಬಿಚ್ಚಲಿಲ್ಲ. ನಲವತ್ತು ವರ್ಷ ನೀರು ಕುಡಿದ ಶೀಟು ಹಿಂಡಿದ ಕೈ ಅದು, ನಡುಗುತ್ತಿದ್ದರೂ ಬಿಚ್ಚಲಿಲ್ಲ.

"ಒತ್ತಲ್ಲ. ಹೋಗಿ" ಎಂದಳು.

ಮೇಡಂ ಹೋದರು. ನಾನು ಮಂಚದ ಪಕ್ಕ ಕುಸಿದು ಅಳತೊಡಗಿದೆ. ತಲೆ ಸವರುತ್ತಾಳೆ ಎಂದುಕೊಂಡಿದ್ದೆ. ಸವರಲಿಲ್ಲ.

"ಬರೆಸಿದ್ದು ಅವ್ಳು. ಆದ್ರೆ ಕೈ ನಿಂದು" ಎಂದಳು. "ಇಸ್ತ್ರಿಯವಳಿಗೆ ಹೇಳಿದ್ಯಾ?"

"ಹೇಳ್ಬಾರ್ದು ಅಂದಿದ್ದಾರೆ..."

"ಎಷ್ಟು ದಿನ ಆಯ್ತು ನಿಂಗೆ ಗೊತ್ತಾಗಿ?"

"ನಾಲ್ಕು."

"ನನ್ ಮುಂದೆ ಅಳ್ಬೇಡ. ಎದ್ದೋಗು. ಅವಳಿಗೆ ಹೇಳಿ ಆಮೇಲೆ ಬಾ."

ಕೆಳಗೆ ಇಳಿದೆ. ಮಷೀನು ಗಡಗಡ ಎನ್ನುತ್ತಿತ್ತು. ಮಷೀನು ನಡೆಸುವವಳಿಗೆ ನಿಲ್ಲಿಸು ಎಂದೆ. ನಡುವೆ ನಿಲ್ಲಿಸಿದರೆ ಸೂಪರ್‌ವೈಸರ್ ಬೈತಾನೆ ಎಂದಳು. ನಾನೇ ಹೋಗಿ ಸ್ವಿಚ್ಚು ಆರಿಸಿದೆ. ಎಲ್ಲರೂ ತಿರುಗಿ ನೋಡಿದರು. ನಿಂತಲ್ಲೇ ಹೇಳಿದೆ. ಅಂದಾಜಿನ ವಯಸ್ಸು, ಹದಿನಾಲ್ಕು ಫಾರಂ, ನನ್ನ ಸಹಿ, ಕೈಬಿಟ್ಟವರ ಪಟ್ಟಿ. ಕೊನೆಗೆ ಇಸ್ತ್ರಿಯಕ್ಕನ ಮುಖ ನೋಡಿ, "ನಿನ್ನ ನಂಬರೂ ಅದ್ರಲ್ಲಿದೆ ಅಕ್ಕ" ಎಂದೆ. ಕೋಲಿನಜ್ಜಿಯ ಹೆಸರು ಬಾಯಿಗೆ ಬಂತು. ಎದುರಿಗೆ ಅವಳ ಸೊಸೆ ನಿಂತಿದ್ದಳು. ಆ ಹೆಸರನ್ನು ಹೇಳದೆ ಬಿಟ್ಟೆ.

ಇಸ್ತ್ರಿಯಕ್ಕ ಕೈಯಲ್ಲಿದ್ದ ಶೀಟನ್ನು ಪೂರ್ತಿ ಇಸ್ತ್ರಿ ಮಾಡಿದಳು. ಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿದಳು. ಹತ್ತಿರ ಬಂದು ನನ್ನ ಕೆನ್ನೆಗೆ ಬಾರಿಸಿದಳು. ಕಿವಿ ಗುಂಯ್ಗುಟ್ಟಿತು.

"ನಿನ್ನನ್ನ ನಂಬಿ ಕೊಟ್ಟಿದ್ದೆ ಕಣೇ ನಾನು. ಅವಳನ್ನಲ್ಲ" ಎಂದಳು. ಆಮೇಲೆ, "ನಡಿ. ಮುಂದೆ ನಡಿ" ಎಂದಳು.

ಹನ್ನೊಂದು ಜನ ಒದ್ದೆ ಕೈಯಲ್ಲೇ ಮೆಟ್ಟಿಲು ಹತ್ತಿದೆವು. ನಮಗೆ ಲಿಫ್ಟು ಇಲ್ಲ. ಮೂರನೇ ಮಹಡಿಯಲ್ಲಿ ಕಾವಲಿನವನು ಅಡ್ಡ ಬಂದ, ನಮ್ಮ ಮುಖ ನೋಡಿ ಸರಿದ. ಮೇಡಂ ಎದ್ದು ನಿಂತರು.

"ಒಬ್ಬೊಬ್ಬರಾಗಿ ಬನ್ನಿ. ಇದು ಅವರವರ ಖಾಸಗಿ ವಿಷಯ."

"ಕಡ್ಡಿ ತಗೊಂಡು ಹೋಗುವಾಗ ಇಲ್ಲದ ಖಾಸಗಿ ಈಗ ಎಲ್ಲಿಂದ ಬಂತು?" ಎಂದಳು ಇಸ್ತ್ರಿಯಕ್ಕ. "ಎಲ್ರ ಮುಂದೇನೇ ಓದಿ. ನನ್ನ ನಂಬರ್ ಓದಿ."

ಫೈಲಿನ ಹೆಂಗಸು ಮೇಡಂ ಮುಖ ನೋಡಿದಳು. ಯಾರೂ ಕದಲಲಿಲ್ಲ. ನಾನು ನಂಬರು ಹೇಳಿದೆ. ಮೇಡಂ ಪಟ್ಟಿ ತೆಗೆದು ಸಣ್ಣ ದನಿಯಲ್ಲಿ ಓದಿದರು. ಇನ್ನೂರ ತೊಂಬತ್ತೇಳು, ಪಾಸಿಟಿವ್.

"ತಾರೀಖು?"

ಮೇಡಂ ಪಟ್ಟಿ ಮಡಚಹೋದರು.

"ತಾರೀಖು ಓದಿ."

ಓದಿದರು. ಇಸ್ತ್ರಿಯಕ್ಕ ಬೆರಳು ಮಡಚಿ ತಿಂಗಳು ಎಣಿಸಿದಳು. ಒಂದು ಕೈ ಮುಗಿಯಿತು, ಇನ್ನೊಂದು ಮುಗಿಯಿತು, ಮತ್ತೆ ಮೊದಲ ಕೈಗೆ ಬಂದಳು. ಎಣಿಕೆ ಬಿಟ್ಟು, "ಇವತ್ತೇ ಕರ್ಕೊಂಡು ಹೋಗಿ ನನ್ನ ಪರೀಕ್ಷೆಗೆ. ಅದು ಆಗೋ ತನಕ ಈ ಆಸ್ಪತ್ರೇಲಿ ಒಂದು ಶೀಟೂ ಒಗೆಯಲ್ಲ" ಎಂದಳು. ಮೇಡಂ ಫೋನ್ ಎತ್ತಿಕೊಂಡರು.

ಆಗ ಹಿಂದಿನಿಂದ ಮಷೀನು ನಡೆಸುವವಳು ಜನರನ್ನು ಸರಿಸಿಕೊಂಡು ಮುಂದೆ ಬಂದಳು. ಅವಳು ಎಲ್ಲರಿಗಿಂತ ಕಡಿಮೆ ಮಾತಿನವಳು.

"ನಮ್ಮತ್ತೆದೂ ಓದಿ" ಎಂದಳು.

ಮೇಡಂ ನನ್ನ ಕಡೆ ನೋಡಿದರು. ನಂಬರು ಗೊತ್ತಿದ್ದವಳು ನಾನೊಬ್ಬಳೇ. ಹೇಳದೆ ಇರಬಹುದಿತ್ತು. ಇನ್ನೂರ ತೊಂಬತ್ತೊಂದು ಎಂದೆ.

ಮೇಡಂ ಓದಿದರು. ಅದೇ ಫಲಿತಾಂಶ, ಅದೇ ತಾರೀಖು. ಮಷೀನು ನಡೆಸುವವಳು ಪಟ್ಟಿಯ ಮೇಲೆ ಬಗ್ಗಿ, ಓದಲು ಬರದಿದ್ದರೂ, ಆ ಸಾಲನ್ನು ಬಹಳ ಹೊತ್ತು ನೋಡಿದಳು.

"ಅತ್ತೆ ಮೈ ನಾರ್ತಿತ್ತು" ಎಂದಳು. "ತೊಳ್ಕೊಳ್ಳಲ್ಲ ಅಂತ ದಿನಾ ಬೈತಿದ್ದೆ. ಮಕ್ಕಳ ಹತ್ರ ಸೇರಿಸ್ತಿರ್ಲಿಲ್ಲ. ಕೊನೇ ಮೂರು ತಿಂಗಳು ಹೊರಗಿನ ಜಗಲಿ ಮೇಲೆ ಮಲಗಿಸ್ದೆ. ತೊಳ್ಕೊಂಡಿದ್ದೀನಿ ಕಣೇ, ತೊಳ್ಕೊಂಡಿದ್ದೀನಿ ಕಣೇ ಅಂತ ಅಳ್ತಿದ್ರು. ನಾನು ನಂಬ್ಲಿಲ್ಲ."

ಮೇಡಂ ಕೈಯಲ್ಲಿ ಫೋನ್ ಹಾಗೇ ಇತ್ತು. ಆ ಕಡೆಯಿಂದ ಯಾರೋ ಹಲೋ ಹಲೋ ಎನ್ನುತ್ತಿದ್ದರು.